ಎದುರಾಳಿಯನ್ನು ತೂಗುವ ತಕ್ಕಡಿ

ಪೇಟೆಬೀದಿಯಲ್ಲಿ ಇಪ್ಪತ್ತು ವರ್ಷಗಳಿಂದ ನಡೆಯುತ್ತಿರುವ ಬೇಕರಿಯ ಎದುರಿಗೇ ಹೊಸದೊಂದು ಬೇಕರಿ ಬಾಗಿಲು ತೆರೆಯಿತೆನ್ನಿ. ಹಳೆಯ ಅಂಗಡಿಯವರು ಏನು ಮಾಡುತ್ತಾರೆ? ಸಾಮಾನ್ಯವಾಗಿ ಎರಡರಲ್ಲಿ ಒಂದು. ‘ಆರು ತಿಂಗಳಲ್ಲಿ ಮುಚ್ಚಿಕೊಂಡು ಹೋಗುತ್ತಾರೆ ಬಿಡಿ’ ಎಂದು ತಾತ್ಸಾರ ಮಾಡುತ್ತಾರೆ. ಇಲ್ಲವೇ ಗಾಬರಿಬಿದ್ದು ಮರುದಿನವೇ ಬ್ರೆಡ್ಡು, ಬನ್ನಿನ ಬೆಲೆ ಇಳಿಸುತ್ತಾರೆ. ಎರಡೂ ಅಳತೆಯಿಲ್ಲದೆ ಕೈಗೊಂಡ ತೀರ್ಮಾನಗಳೇ. ಹೊಸಬನ ಅಂಗಡಿಗೆ ಜನ ಹೋಗುತ್ತಿರುವುದು ಬೆಲೆಗೋ, ರುಚಿಗೋ, ಕೂತು ತಿನ್ನಲು ನಾಲ್ಕು ಕುರ್ಚಿ ಇವೆಯೆಂದೋ? ಇದು ತಿಳಿಯದೆ ಬೆಲೆ ಇಳಿಸಿದರೆ ಲಾಭವೂ ಹೋಯಿತು, ಗಿರಾಕಿಯೂ ಹೋದ.

ಇಂಥ ಸಂದರ್ಭದಲ್ಲಿ ನೆರವಿಗೆ ಬರುವ ಸರಳ ಸಾಧನವೇ ಹೋಲಿಕೆಯ ಕೋಷ್ಟಕ. ವಾಣಿಜ್ಯ ಮತ್ತು ನಿರ್ವಹಣಾ ಶಾಸ್ತ್ರದ ತರಗತಿಗಳಲ್ಲಿ ಇದನ್ನು ಕಂಪ್ಯಾರಿಸನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ. ಗಣಿತ ಪುಸ್ತಕದ ಮಾತೃಕೆಯಂತೆ ಇಲ್ಲಿಯೂ ಅಡ್ಡಸಾಲು, ಕಂಬಸಾಲುಗಳಿರುತ್ತವೆ ಅಷ್ಟೇ. ಅಡ್ಡಸಾಲುಗಳಲ್ಲಿ ಗ್ರಾಹಕ ನೋಡುವ ಗುಣಗಳು; ಕಂಬಸಾಲುಗಳಲ್ಲಿ ನಮ್ಮ ಅಂಗಡಿ ಮತ್ತು ಎದುರಾಳಿಗಳ ಅಂಗಡಿಗಳು. ಅವು ಸೇರುವ ಮನೆಗಳಲ್ಲಿ ಅಂಕಗಳು. ಕೂಡಿ ಗುಣಿಸುವುದು ಏಳನೆಯ ತರಗತಿಯ ಹುಡುಗನಿಗೂ ಬರುತ್ತದೆ. ಕಷ್ಟವಿರುವುದು ಲೆಕ್ಕದಲ್ಲಲ್ಲ. ಯಾವ ಗುಣಗಳನ್ನು ಬರೆಯಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು, ಆ ತೂಕವನ್ನು ಯಾರು ನಿರ್ಧರಿಸಬೇಕು ಎಂಬುದರಲ್ಲಿ.

ಒಂದು ಪತ್ರ, ಒಂದು ಅನಿಲ

ಕಾಗದದ ಮೇಲೆ ಗೆರೆ ಎಳೆದು ತೀರ್ಮಾನ ತೂಗುವ ಪದ್ಧತಿಗೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ಸ್ವಾರಸ್ಯಕರ ನಂಟಿದೆ. 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಒಂದು ಇಕ್ಕಟ್ಟಿನಲ್ಲಿದ್ದರು. ಲಾರ್ಡ್ ಶೆಲ್ಬರ್ನ್ ಎಂಬ ಶ್ರೀಮಂತರು ತಮ್ಮಲ್ಲಿಗೆ ಕೆಲಸಕ್ಕೆ ಬರುವಂತೆ ಕರೆದಿದ್ದರು. ಹೋಗುವುದೋ ಬೇಡವೋ? ಪ್ರೀಸ್ಟ್ಲಿ ತಮ್ಮ ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್ ಅವರ ಸಲಹೆ ಕೇಳಿದರು. ಆ ವರ್ಷದ ಸೆಪ್ಟೆಂಬರ್ 19ರಂದು ಬರೆದ ಉತ್ತರದಲ್ಲಿ ಫ್ರಾಂಕ್ಲಿನ್ ‘ಹೋಗಿ’ ಎಂದೂ ಹೇಳಲಿಲ್ಲ, ‘ಬೇಡ’ ಎಂದೂ ಹೇಳಲಿಲ್ಲ. ಯೋಚಿಸುವ ಕ್ರಮವನ್ನು ತಿಳಿಸಿದರು. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಅನುಕೂಲ, ಇನ್ನೊಂದು ಕಡೆ ಅನನುಕೂಲಗಳನ್ನು ಬರೆಯುವುದು. ಮೂರು ನಾಲ್ಕು ದಿನ ಬಿಟ್ಟು ಬಿಟ್ಟು ಸೇರಿಸುತ್ತಾ ಹೋಗುವುದು. ಆಮೇಲೆ ಸಮತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕಿ ಉಳಿದದ್ದನ್ನು ನೋಡುವುದು. ಇದಕ್ಕೆ ಅವರು ವಿವೇಕದ ಬೀಜಗಣಿತ ಎಂಬರ್ಥದ ಹೆಸರನ್ನೂ ಇಟ್ಟರು.

ಪ್ರೀಸ್ಟ್ಲಿ ಆ ಕೆಲಸ ಒಪ್ಪಿಕೊಂಡರು. ಶೆಲ್ಬರ್ನ್ ಅವರ ಬೋವುಡ್ ಭವನದ ಪ್ರಯೋಗಶಾಲೆಯಲ್ಲೇ 1774ರ ಆಗಸ್ಟ್ 1ರಂದು ಪಾದರಸದ ಕೆಂಪು ಭಸ್ಮವನ್ನು ಭೂತಕನ್ನಡಿಯಿಂದ ಕಾಯಿಸಿ, ನಾವು ಇಂದು ಆಮ್ಲಜನಕ ಎನ್ನುವ ಅನಿಲವನ್ನು ಪಡೆದರು.

ಫ್ರಾಂಕ್ಲಿನ್ ಪದ್ಧತಿಯ ಸೊಗಸು ಇರುವುದು ‘ಸಮತೂಕ’ ಎಂಬ ಮಾತಿನಲ್ಲಿ. ಅನುಕೂಲ ಐದು, ಅನನುಕೂಲ ಮೂರು ಎಂದು ಎಣಿಸಿದರೆ ಸಾಲದು. ಒಂದೇ ಒಂದು ಅನನುಕೂಲ ಐದು ಅನುಕೂಲಗಳಿಗಿಂತ ಭಾರವಾಗಿರಬಹುದು.

ತೂಕ ಬದಲಾದರೆ ಸ್ಥಾನ ಬದಲು

ತೂಕದ ಮಹಿಮೆ ಕರ್ನಾಟಕದ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಎಂಜಿನಿಯರಿಂಗ್ ಸೀಟಿನ ರ‍್ಯಾಂಕ್ ಪಟ್ಟಿ ತಯಾರಾಗುವುದು ದ್ವಿತೀಯ ಪಿಯುಸಿಯ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ ಕೊಟ್ಟು. ಒಬ್ಬ ವಿದ್ಯಾರ್ಥಿನಿಗೆ ಪಿಯುಸಿಯಲ್ಲಿ ಶೇಕಡಾ 96, ಸಿಇಟಿಯಲ್ಲಿ 60 ಬಂದಿದೆ ಎಂದಿಟ್ಟುಕೊಳ್ಳೋಣ. ಇನ್ನೊಬ್ಬನಿಗೆ 84 ಮತ್ತು 74. ಅರ್ಧ–ಅರ್ಧ ತೂಕದಲ್ಲಿ ಅವಳಿಗೆ 78, ಅವನಿಗೆ 79, ಅವನೇ ಮುಂದೆ. ಪಿಯುಸಿಗೆ 60, ಸಿಇಟಿಗೆ 40 ತೂಕ ಕೊಟ್ಟಿದ್ದರೆ? ಅವಳಿಗೆ 81.6, ಅವನಿಗೆ 80; ಅವಳೇ ಮುಂದೆ. ಉತ್ತರಪತ್ರಿಕೆಯ ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ತೂಕ ಮಾತ್ರ.

ವ್ಯಾಪಾರದಲ್ಲಿಯೂ ಹೀಗೆಯೇ. ವ್ಯತ್ಯಾಸವೆಂದರೆ ಸಿಇಟಿಯ ತೂಕವನ್ನು ಸರ್ಕಾರ ಮೊದಲೇ ಪ್ರಕಟಿಸಿರುತ್ತದೆ. ಪೇಟೆಯಲ್ಲಿ ತೂಕವನ್ನು ನಿರ್ಧರಿಸುವವನು ಗಿರಾಕಿ. ಅವನು ಅದನ್ನು ಪ್ರಕಟಿಸುವುದಿಲ್ಲ, ಯಾವಾಗ ಬದಲಿಸಿದನೆಂದು ಹೇಳುವುದೂ ಇಲ್ಲ.

ಎರಡು ವಾಚುಗಳ ಕಥೆ

ಇದಕ್ಕೆ ಕನ್ನಡಿಗರ ಮಣಿಕಟ್ಟಿನ ಮೇಲೆಯೇ ನಡೆದ ಉದಾಹರಣೆ ಇದೆ. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ದೃಷ್ಟಿಯಿಲ್ಲದವರು ಬೆರಳಿನಿಂದ ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಅದು ತಯಾರಿಸಿತು. ಪರೀಕ್ಷೆ ಪಾಸಾದ ಮಗನಿಗೆ, ಮದುವೆಯ ವರನಿಗೆ, ನಿವೃತ್ತರಾದ ಮೇಷ್ಟರಿಗೆ ಎಚ್‌ಎಂಟಿ ವಾಚೇ ಉಡುಗೊರೆ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ ಇದ್ದ ಕಾಲ. ವಾಚು ಸಿಕ್ಕರೆ ಸಾಕಿತ್ತು. ಹತ್ತು ಮಾದರಿ ತೋರಿಸಿ ಎಂದು ಕೇಳುವವರಿರಲಿಲ್ಲ.

1984ರಲ್ಲಿ ಟಾಟಾ ಸಮೂಹ ಹಾಗೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಟೈಟಾನ್ ಕಂಪನಿಯನ್ನು ಸ್ಥಾಪಿಸಿದವು. ಕಾರ್ಖಾನೆ ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರಿನಲ್ಲಿ. ಕಂಪನಿಯನ್ನು ಮೊದಲಿನಿಂದ ಮುನ್ನಡೆಸಿದವರು ಕ್ಸರ್ಕ್ಸಿಸ್ ದೇಸಾಯಿ. ಟೈಟಾನ್ ಆರಿಸಿಕೊಂಡದ್ದು ಕ್ವಾರ್ಟ್ಜ್ ತಂತ್ರವನ್ನು.

ಎರಡಕ್ಕೂ ಇರುವ ವ್ಯತ್ಯಾಸ ಭೌತಶಾಸ್ತ್ರದ್ದು. ಕೀ ಕೊಡುವ ವಾಚಿನಲ್ಲಿ ಸುತ್ತಿದ ಸ್ಪ್ರಿಂಗು ಶಕ್ತಿಯ ಮೂಲ. ಪುಟ್ಟ ಚಕ್ರವೊಂದರ ಓಲಾಟ ಕಾಲವನ್ನು ಅಳೆಯುತ್ತದೆ. ಸಾಧಾರಣವಾಗಿ ಸೆಕೆಂಡಿಗೆ 5 ಅಥವಾ 6 ಮಿಡಿತ. ಕ್ವಾರ್ಟ್ಜ್ ವಾಚಿನಲ್ಲಿ ಬ್ಯಾಟರಿಯ ವಿದ್ಯುತ್ತಿನಿಂದ ಸ್ಫಟಿಕದ ಚೂರೊಂದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆ 2ರ 15ನೆಯ ಘಾತ. ಇದನ್ನು ಹದಿನೈದು ಸಲ ಅರ್ಧಿಸುತ್ತಾ ಬಂದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಸಿಗುತ್ತದೆ. ಮೊದಲನೆಯದು ದಿನಕ್ಕೆ ಕೆಲವಾರು ಸೆಕೆಂಡು ಹಿಂದೆ ಮುಂದೆ ಆಗಬಹುದು. ಎರಡನೆಯದು ತಿಂಗಳಿಗೆ ಅಷ್ಟು ತಪ್ಪುತ್ತದೆ. ದಿನವೂ ಕೀ ಕೊಡುವ ಕೆಲಸವೂ ಇಲ್ಲ.

ಹಾಗಾದರೆ ಗೆದ್ದದ್ದು ಬರೀ ತಂತ್ರಜ್ಞಾನವೇ? ಹಾಗೆನ್ನಲಾಗದು. ಏಕೆಂದರೆ 1980ರ ದಶಕದ ಆರಂಭದಲ್ಲಿ ಎಚ್‌ಎಂಟಿಯೂ ಕ್ವಾರ್ಟ್ಜ್ ವಾಚು ಮಾಡಿತ್ತು. ಟೈಟಾನ್ ಗಮನಿಸಿದ್ದು ಬೇರೊಂದು ಬದಲಾವಣೆಯನ್ನು: ವಾಚು ಕೇವಲ ಸಮಯ ತೋರಿಸುವ ಯಂತ್ರವಾಗಿ ಉಳಿದಿರಲಿಲ್ಲ. ಅದು ಅಲಂಕಾರ, ಉಡುಗೊರೆ, ಅಂತಸ್ತು ಎಲ್ಲವೂ ಆಗತೊಡಗಿತ್ತು. ಟೈಟಾನ್ ಹತ್ತಾರು ವಿನ್ಯಾಸಗಳನ್ನು ತಂದಿತು, ಬೆಳಕು ಚೆಲ್ಲಿದ ಗಾಜಿನ ಷೋರೂಮುಗಳನ್ನು ತೆರೆಯಿತು, ಮೊಜಾರ್ಟನ 25ನೆಯ ಸಿಂಫನಿಯ ಧಾಟಿಯನ್ನು ಟಿವಿ ಜಾಹೀರಾತಿಗೆ ಅಳವಡಿಸಿಕೊಂಡಿತು.

ಕೋಷ್ಟಕ ಏನು ಹೇಳುತ್ತದೆ?

1980ರ ದಶಕದ ಕೊನೆಯ ಆ ಪೈಪೋಟಿಯನ್ನು ಕೋಷ್ಟಕದಲ್ಲಿಟ್ಟು ನೋಡಬಹುದು. ಕೆಳಗಿನ ಅಂಕಗಳು ಯಾವುದೇ ಸಮೀಕ್ಷೆಯವಲ್ಲ. ವಿಧಾನ ತಿಳಿಸಲು ಹತ್ತಕ್ಕೆ ಇಷ್ಟು ಎಂದು ಊಹಿಸಿ ಕೊಟ್ಟವು. ಮೊದಲನೆಯ ತೂಕ ಅಗತ್ಯಕ್ಕೆ ವಾಚು ಕೊಳ್ಳುವವರದು. ಎರಡನೆಯದು ಉಡುಗೊರೆಗೆ ಕೊಳ್ಳುವವರದು.

| ಗುಣ | ಕೀ ಕೊಡುವ ವಾಚು | ಷೋರೂಮಿನ ಕ್ವಾರ್ಟ್ಜ್ ವಾಚು | ತೂಕ: ಅಗತ್ಯಕ್ಕೆ | ತೂಕ: ಉಡುಗೊರೆಗೆ |
|---|---|---|---|---|
| ಬೆಲೆಯ ಅನುಕೂಲ | 9 | 5 | 30 | 15 |
| ಬಾಳಿಕೆ | 8 | 7 | 20 | 10 |
| ಊರಲ್ಲೇ ರಿಪೇರಿ | 9 | 5 | 20 | 5 |
| ನಿಖರತೆ | 5 | 9 | 15 | 20 |
| ರೂಪ, ವಿನ್ಯಾಸ | 4 | 9 | 10 | 30 |
| ಅಂಗಡಿಯ ಅನುಭವ | 4 | 9 | 5 | 20 |

ಪ್ರತಿ ಅಂಕವನ್ನು ಅದರ ತೂಕದಿಂದ ಗುಣಿಸಿ ಕೂಡಬೇಕು. ಅಗತ್ಯಕ್ಕೆ ಕೊಳ್ಳುವವರ ತೂಕದಲ್ಲಿ ಕೀ ಕೊಡುವ ವಾಚಿಗೆ ಸಾವಿರಕ್ಕೆ 745, ಕ್ವಾರ್ಟ್ಜಿಗೆ 660. ಹಳೆಯ ಕಂಪನಿ ನೆಮ್ಮದಿಯಾಗಿ ನಿದ್ರಿಸಬಹುದು. ಉಡುಗೊರೆಗೆ ಕೊಳ್ಳುವವರ ತೂಕದಲ್ಲಿ ಕೀ ಕೊಡುವ ವಾಚಿಗೆ 560, ಕ್ವಾರ್ಟ್ಜಿಗೆ 800. ಅದೇ ವಾಚುಗಳು, ಅವೇ ಅಂಕಗಳು. ಫಲಿತಾಂಶ ಮಾತ್ರ ತಲೆಕೆಳಗು.

ಕೋಷ್ಟಕದಿಂದ ಕಲಿಯಬೇಕಾದ ಮುಖ್ಯ ಪಾಠ ಇದೇ. ‘ಯಾರು ಮೇಲು?’ ಎಂಬ ಪ್ರಶ್ನೆಗೆ ಒಂಟಿಯಾಗಿ ಅರ್ಥವಿಲ್ಲ. ‘ಯಾವ ಗಿರಾಕಿಯ ಕಣ್ಣಿನಲ್ಲಿ ಯಾರು ಮೇಲು?’ ಎಂದು ಕೇಳಬೇಕು. ಮೊದಲ ಬಗೆಯ ಗಿರಾಕಿಗಳೇ ಹೆಚ್ಚಾಗಿದ್ದ ಕಾಲದ ತೂಕವನ್ನು, ಎರಡನೆಯ ಬಗೆಯವರು ಹೆಚ್ಚುತ್ತಿರುವ ಕಾಲದಲ್ಲಿಯೂ ಇಟ್ಟುಕೊಂಡವರು ಸೋಲುತ್ತಾರೆ.

ಎಚ್‌ಎಂಟಿಯ ಹಿನ್ನಡೆಗೆ ಸರ್ಕಾರಿ ಉದ್ದಿಮೆಯ ಕಟ್ಟುಪಾಡುಗಳೂ ಸೇರಿ ಹಲವು ಕಾರಣಗಳಿದ್ದವು. ಎಲ್ಲವನ್ನೂ ಒಂದು ಕೋಷ್ಟಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂತೂ 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ತುಮಕೂರಿನ ವಾಚು ಕಾರ್ಖಾನೆಯ ಜಾಗ ಇಸ್ರೊ ಸಂಸ್ಥೆಯ ಪಾಲಾಯಿತು. ದುಡಿಯುವ ಕೈಗಳಿಗೆ ಕೌಶಲದ ಕೊರತೆ ಇರಲಿಲ್ಲ. ಇಂದಿಗೂ ಹಳೆಯ ಎಚ್‌ಎಂಟಿ ವಾಚುಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಎದುರಾಳಿಯನ್ನು ತಪ್ಪಾಗಿ ತೂಗಿದರೆ ಅದರ ಬೆಲೆ ತೆರುವವರು ಲೆಕ್ಕ ಹಾಕಿದವರಷ್ಟೇ ಅಲ್ಲ, ಅಲ್ಲಿ ದುಡಿಯುವವರು ಕೂಡ.

ಕಾಣದ ಕಂಬಸಾಲು

ತೂಕ ತಪ್ಪುವುದು ಒಂದು ಬಗೆ. ಎದುರಾಳಿಯೇ ಕೋಷ್ಟಕದಲ್ಲಿ ಇಲ್ಲದಿರುವುದು ಇನ್ನೊಂದು ಬಗೆ. ಸ್ವಿಟ್ಜರ್ಲೆಂಡಿನ ವಾಚು ಉದ್ಯಮ ಅನುಭವಿಸಿದ್ದು ಇದನ್ನು. ಕ್ವಾರ್ಟ್ಜ್ ಕೈಗಡಿಯಾರದ ಪ್ರಾಯೋಗಿಕ ಮಾದರಿಯನ್ನು 1967ರಲ್ಲೇ ಸ್ವಿಸ್ ತಂತ್ರಜ್ಞರು ತಯಾರಿಸಿದ್ದರು. ಆದರೆ 1969ರ ಡಿಸೆಂಬರ್ 25ರಂದು ಅಂಥ ವಾಚನ್ನು ಮೊದಲು ಮಾರಾಟಕ್ಕಿಟ್ಟದ್ದು ಜಪಾನಿನ ಸೀಕೋ. ಸ್ವಿಸ್ ಕಂಪನಿಗಳು ಬಹುಕಾಲ ತಮ್ಮತಮ್ಮಲ್ಲೇ ಹೋಲಿಸಿಕೊಳ್ಳುತ್ತಿದ್ದವು. 1970ರಲ್ಲಿ ಆ ದೇಶದ ವಾಚು ಉದ್ಯಮದಲ್ಲಿ ಸುಮಾರು 90,000 ಜನ ದುಡಿಯುತ್ತಿದ್ದರು. 1980ರ ದಶಕ ಮುಗಿಯುವುದರೊಳಗೆ ಆ ಸಂಖ್ಯೆ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯಿತು. 1983ರಲ್ಲಿ ಬಂದ ಅಗ್ಗದ, ಬಣ್ಣಬಣ್ಣದ, 51 ಬಿಡಿಭಾಗಗಳ ಸ್ವಾಚ್ ಕ್ವಾರ್ಟ್ಜ್ ವಾಚು ಅಲ್ಲಿನವರಿಗೆ ಉಸಿರಾಡಲು ಅವಕಾಶ ಕೊಟ್ಟಿತು.

ಒಂದೇ ಬಗೆಯ ಸರಕು ಮಾರುವವರಷ್ಟೇ ಎದುರಾಳಿಗಳಲ್ಲ ಎಂಬುದನ್ನು ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ 1979ರಲ್ಲಿ ವಿವರಿಸಿದರು. ಹೊಸದಾಗಿ ಬರಬಹುದಾದವರು, ಅದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿಕೊಡುವ ಬದಲಿ ಸರಕುಗಳು, ಚೌಕಾಶಿ ಮಾಡುವ ಕೊಳ್ಳುಗರು, ಕಚ್ಚಾ ಸಾಮಗ್ರಿ ಪೂರೈಸುವವರು, ಎಲ್ಲರೂ ಲಾಭದಲ್ಲಿ ಪಾಲು ಕೇಳುತ್ತಾರೆ ಎಂಬುದು ಅವರ ವಾದ. ವಾಚಿಗೆ ಅಂಥ ಬದಲಿಯಾಗಿ ಬಂದದ್ದು ಮೊಬೈಲ್ ಫೋನ್. ಫೋನು ತಯಾರಿಸುವವರಿಗೆ ವಾಚಿನ ವ್ಯಾಪಾರ ಹಾಳುಮಾಡುವ ಉದ್ದೇಶವೇನೂ ಇರಲಿಲ್ಲ. ಆದರೂ ಜೇಬಿನಲ್ಲಿ ಬಿಟ್ಟಿಯಾಗಿ ಸಮಯ ಸಿಕ್ಕಿದಾಗ ಎಷ್ಟೋ ಮಣಿಕಟ್ಟುಗಳು ಖಾಲಿಯಾದವು. ವಾಚಿನಿಂದ ಆರಂಭಿಸಿದ ಟೈಟಾನ್ ಕಂಪನಿಗೆ ಇಂದು ವರಮಾನದ ದೊಡ್ಡ ಪಾಲು ಬರುವುದು ಆಭರಣದಿಂದ. ಕೋಷ್ಟಕ ಬರೆಯುವಾಗ ‘ನಮ್ಮ ಸರಕು ಯಾರೂ ಕೊಳ್ಳದಿದ್ದರೆ ಅದರ ಬದಲು ಏನು ಮಾಡುತ್ತಾರೆ?’ ಎಂಬ ಪ್ರಶ್ನೆಗೂ ಒಂದು ಕಂಬಸಾಲು ಬೇಕು.

ತಯಾರಿಸುವ ಕ್ರಮ

ಹೊಸದಾಗಿ ಕಲಿಯುವವರಿಗೆ ಅಂಕಗಳ ಗೊಡವೆಯಿಲ್ಲದ ಸುಲಭ ವಿಧಾನವೊಂದಿದೆ. ಬ್ರಿಟನ್ನಿನ ಎಂಜಿನಿಯರ್ ಸ್ಟುವರ್ಟ್ ಪ್ಯೂ ಯಂತ್ರಗಳ ವಿನ್ಯಾಸ ಆರಿಸಲು ಇದನ್ನು ರೂಪಿಸಿದರು. ಒಂದನ್ನು ಅಳತೆಗೋಲು ಎಂದು ಇಟ್ಟುಕೊಳ್ಳುವುದು. ಅಂಗಡಿಯ ಲೆಕ್ಕದಲ್ಲಿ ಅದು ನಮ್ಮ ಅಂಗಡಿಯೇ ಆಗಬಹುದು. ಪ್ರತಿ ಗುಣದಲ್ಲೂ ಎದುರಾಳಿ ಅದಕ್ಕಿಂತ ಮೇಲಾದರೆ ಕೂಡು ಚಿಹ್ನೆ, ಕೆಳಗಾದರೆ ಕಳೆ ಚಿಹ್ನೆ, ಸಮವಾದರೆ ಸೊನ್ನೆ. ಹಾಳೆಯನ್ನು ತುಸು ದೂರದಿಂದ ನೋಡಿದರೂ ಸಾಕು, ಕೂಡು ಚಿಹ್ನೆಗಳು ಎಲ್ಲಿ ಗುಂಪುಗೂಡಿವೆ ಎಂದು ಕಾಣುತ್ತದೆ.

ಮುಂದಿನ ಹಂತ ತೂಕ. ಆರು ಗುಣಗಳಿಗೆ ಒಮ್ಮೆಲೇ ನೂರು ಅಂಕ ಹಂಚಿ ಎಂದರೆ ಯಾರಿಗೂ ಕಷ್ಟ. ಎರಡೆರಡನ್ನೇ ಎದುರುಬದುರು ಇಟ್ಟು ‘ಇವೆರಡರಲ್ಲಿ ಯಾವುದು ಮುಖ್ಯ?’ ಎಂದು ಕೇಳಿದರೆ ಉತ್ತರ ಸಲೀಸು. ಆರು ಗುಣಗಳಾದರೆ ಇಂಥ ಜೋಡಿಗಳು 6×5÷2, ಅಂದರೆ 15. ಪ್ರತಿ ಗುಣ ಎಷ್ಟು ಸಲ ಗೆದ್ದಿತು ಎಂದು ಎಣಿಸಿದರೆ ಒರಟಾದ ತೂಕ ದೊರೆಯುತ್ತದೆ. ಅಮೆರಿಕದಲ್ಲಿ ನೆಲೆಸಿದ್ದ, ಇರಾಕಿನಲ್ಲಿ ಹುಟ್ಟಿದ ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ಈ ಜೋಡಿ ಹೋಲಿಕೆಯನ್ನು 1ರಿಂದ 9ರವರೆಗಿನ ಅಳತೆ ಹಾಗೂ ಮಾತೃಕೆಗಳ ಗಣಿತದ ನೆರವಿನಿಂದ ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ಇದರಲ್ಲಿ ಇನ್ನೊಂದು ಅನುಕೂಲವಿದೆ. ಬೆಲೆಗಿಂತ ರುಚಿ ಮುಖ್ಯ, ರುಚಿಗಿಂತ ಶುಚಿ ಮುಖ್ಯ ಎಂದವನೇ ಶುಚಿಗಿಂತ ಬೆಲೆ ಮುಖ್ಯ ಎಂದರೆ ಅವನ ಮಾತಿನಲ್ಲಿ ಎಲ್ಲೋ ಎಡವಟ್ಟಿದೆ ಎಂದು ಕೂಡಲೇ ಗೊತ್ತಾಗುತ್ತದೆ.

ತೂಕವನ್ನು ಹೇಳಬೇಕಾದವರು ಗಿರಾಕಿಗಳು. ಬೇಕರಿಗೆ ಬರುವ ಇಪ್ಪತ್ತು ಮಂದಿಯನ್ನು ಕೇಳಿದರೂ ಒಂದು ಅಂದಾಜು ಸಿಗುತ್ತದೆ. ಅದಕ್ಕಿಂತಲೂ ಮುಖ್ಯವಾಗಿ ಈಗ ಬಾರದೆ ಹೋದವರನ್ನು ಕೇಳಬೇಕು.

ಅಂಕಗಳಿಗೆ ಆಧಾರ ಬೇಕು. ‘ಬೆಲೆ’ ಎಂದರೆ ಎರಡೂ ಅಂಗಡಿಗಳ ಅದೇ ತೂಕದ ಬ್ರೆಡ್ಡಿನ ಬೆಲೆ. ‘ಬೇಗ ಕೊಡುತ್ತಾರೆ’ ಎಂದರೆ ಸಂಜೆ ಆರು ಗಂಟೆಯ ನೂಕುನುಗ್ಗಲಿನಲ್ಲಿ ಎಷ್ಟು ನಿಮಿಷ ಎಂದು ಗಡಿಯಾರ ನೋಡಿ ಬರೆದದ್ದು. ರುಚಿಯಂಥ ವಿಷಯವಾದರೆ ಯಾವ ಅಂಗಡಿಯದೆಂದು ಹೇಳದೆ ನಾಲ್ಕಾರು ಜನರಿಗೆ ತಿನ್ನಿಸಿ ಕೇಳಬೇಕು. ಎಲ್ಲರೂ ನೋಡಬಹುದಾದದ್ದನ್ನು ನೋಡಿ ಬರೆಯುವುದು ಅಧ್ಯಯನ. ಎದುರಾಳಿಯ ಕೆಲಸಗಾರರನ್ನು ಪುಸಲಾಯಿಸಿ ಗುಟ್ಟು ತೆಗೆಯುವುದು ಅಧ್ಯಯನವಲ್ಲ.

ತಪ್ಪುವ ಕಡೆಗಳು

ಮೊದಲ ತಪ್ಪು, ಹೆತ್ತವರಿಗೆ ಹೆಗ್ಗಣ ಮುದ್ದು. ತಮ್ಮ ಅಂಗಡಿಗೆ ತಾವೇ ಅಂಕ ಕೊಟ್ಟುಕೊಂಡರೆ ಎಲ್ಲ ಮನೆಯಲ್ಲೂ ಒಂಬತ್ತು, ಹತ್ತು. ಆದ್ದರಿಂದ ಅಂಕ ಕೊಡುವವರು ಹೊರಗಿನವರಾದರೆ ಲೇಸು.

ಎರಡನೆಯದು, ಮೊತ್ತ ನೋಡಿ ತೂಕ ತಿದ್ದುವುದು. ಪ್ರಯೋಗಶಾಲೆಯ ತಕ್ಕಡಿಯಲ್ಲಿ ಉತ್ತರ ಸರಿಬರಲಿಲ್ಲವೆಂದು ತೂಕದ ಕಲ್ಲನ್ನೇ ಬದಲಿಸುವಂತಿಲ್ಲ. ಅಂಕ ತುಂಬುವ ಮೊದಲೇ ತೂಕ ಬರೆದು ದಿನಾಂಕ ಹಾಕಿಡಬೇಕು.

ಮೂರನೆಯದು, ಒಂದೇ ಗುಣವನ್ನು ಎರಡು ಹೆಸರಿನಲ್ಲಿ ಬರೆಯುವುದು. ‘ಅಂದ’ ಎಂದು ಒಂದು ಸಾಲು, ‘ನೋಟ’ ಎಂದು ಇನ್ನೊಂದು ಸಾಲು ಬಂದರೆ ಒಂದೇ ಸಂಗತಿಗೆ ಇಮ್ಮಡಿ ತೂಕ ಸಿಕ್ಕಂತಾಯಿತು.

ನಾಲ್ಕನೆಯದು, ಮೊತ್ತದ ಮರೆಯಲ್ಲಿ ದೊಡ್ಡ ದೋಷ ಅಡಗುವುದು. ಹೋಟೆಲಿನ ಅಡುಗೆಮನೆ ಕೊಳಕಾಗಿದ್ದರೆ ಬೆಲೆ, ರುಚಿಗಳ ಅಂಕ ಅದನ್ನು ತೊಳೆಯಲಾರದು. ಶುಚಿ, ಸುರಕ್ಷತೆಯಂಥ ವಿಷಯಗಳನ್ನು ಪಾಸು–ಫೇಲು ಎಂದು ಪ್ರತ್ಯೇಕವಾಗಿ ನೋಡಬೇಕು.

ಐದನೆಯದು, ಸಣ್ಣ ಅಂತರವನ್ನು ದೊಡ್ಡ ಗೆಲುವೆಂದು ತಿಳಿಯುವುದು. ಮೇಲಿನ ಕೋಷ್ಟಕದಲ್ಲಿ ಅಗತ್ಯಕ್ಕೆ ಕೊಳ್ಳುವವರು ಕೀ ಕೊಡುವ ವಾಚಿಗೆ 85 ಅಂಕ ಹೆಚ್ಚು ಕೊಟ್ಟಿದ್ದರು. ಬೆಲೆಯ ತೂಕವನ್ನು 30ರಿಂದ 20ಕ್ಕೆ ಇಳಿಸಿ, ಆ ಹತ್ತನ್ನು ರೂಪಕ್ಕೆ ಸೇರಿಸಿದರೆ 695ಕ್ಕೆ 700! ಗೆದ್ದವನು ಸೋತ. ತೂಕವನ್ನು ಹೀಗೆ ತುಸು ಅಲುಗಾಡಿಸಿ ನೋಡಿದರೆ ಗೆಲುವು ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ.

ಮನೆಯಲ್ಲೂ ಒಂದು ಕೋಷ್ಟಕ

ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಕೆಲಸ. ಊರಿನ ಮೂರು ಹೋಟೆಲುಗಳನ್ನೋ, ಜೆರಾಕ್ಸ್ ಅಂಗಡಿಗಳನ್ನೋ ಆರಿಸಿಕೊಂಡು, ಗಿರಾಕಿಗಳಿಂದ ತೂಕ ಕೇಳಿ, ತಾವೇ ನೋಡಿ ಅಂಕ ಕೊಟ್ಟು ಕೋಷ್ಟಕ ಮಾಡಬಹುದು. ಆರು ತಿಂಗಳ ನಂತರ ಮತ್ತೊಮ್ಮೆ ಮಾಡಿ ಹೋಲಿಸಿದರೆ ಪೇಟೆಯ ಚಲನೆ ಕಣ್ಣಿಗೆ ಕಟ್ಟುತ್ತದೆ. ತಂದೆಯ ಅಂಗಡಿ ಇರುವ ಹುಡುಗ ಹುಡುಗಿಯರಂತೂ ಮನೆಯಲ್ಲೇ ಇದನ್ನು ಆರಂಭಿಸಬಹುದು. ಎದುರಿನ ಅಂಗಡಿಯ ಬಗ್ಗೆ ಊಟದ ಹೊತ್ತಿನಲ್ಲಿ ನಡೆಯುವ ಗೊಣಗಾಟಕ್ಕಿಂತ ಒಂದು ಹಾಳೆ ಹೆಚ್ಚು ಪ್ರಯೋಜನಕಾರಿ.

ಪಾಲಕರಿಗೂ ಒಂದು ಉಪಯೋಗವಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಯಾವ ಕಾಲೇಜು ಎಂಬ ವಾಗ್ವಾದ ಮನೆಮನೆಯಲ್ಲಿ ಆರಂಭವಾಗುತ್ತದೆ. ಶುಲ್ಕ, ದೂರ, ಉಪನ್ಯಾಸಕರು, ಪ್ರಯೋಗಶಾಲೆ, ಫಲಿತಾಂಶ, ಆಟದ ಮೈದಾನ ಎಂದು ಆರು ಸಾಲು ಬರೆದು, ತಂದೆ ತಾಯಿ ಒಂದು ಹಾಳೆಯಲ್ಲಿ, ಮಗ ಅಥವಾ ಮಗಳು ಇನ್ನೊಂದು ಹಾಳೆಯಲ್ಲಿ ಒಬ್ಬರಿಗೊಬ್ಬರು ತೋರಿಸದೆ ನೂರು ಅಂಕಗಳ ತೂಕ ಹಂಚಲಿ. ಅನಂತರ ಎರಡನ್ನೂ ಪಕ್ಕದಲ್ಲಿಟ್ಟು ನೋಡಲಿ. ಕಾಲೇಜುಗಳ ಅಂಕದ ಬಗ್ಗೆ ಇಬ್ಬರಿಗೂ ಅಂಥ ಭಿನ್ನಾಭಿಪ್ರಾಯ ಇರಲಿಕ್ಕಿಲ್ಲ, ವ್ಯತ್ಯಾಸವಿರುವುದು ತೂಕದಲ್ಲಿ. ಫಲಿತಾಂಶಕ್ಕೆ ಅಪ್ಪ ಕೊಟ್ಟ 50ಕ್ಕೂ ಮಗಳು ಕೊಟ್ಟ 20ಕ್ಕೂ ಕಾರಣಗಳಿರುತ್ತವೆ. ಆ ಕಾರಣಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡಾಗ ಅರ್ಧ ತೀರ್ಮಾನ ಆದಂತೆಯೇ. ಉಳಿದ ಅರ್ಧಕ್ಕೆ ಗುಣಾಕಾರ, ಸಂಕಲನ ಸಾಕು.